ಬ್ರೇಕ್ ಹಾಕಿದಾಗ ಮುಂದಕ್ಕೆ ಬಿದ್ದ ಒಂಬತ್ತು ಬಾಕ್ಸ್‌ಗಳು: ಒಂದು ಪ್ರಕರಣ ಅಧ್ಯಯನ

ಜುಲೈ ತಿಂಗಳ ಒಂದು ಬೆಳಗಿನ ಜಾವ, ಶ್ರೀನಿವಾಸಪುರ ತಾಲೂಕಿನ ನಮ್ಮ ಭಾವನವರ ತೋಟದಿಂದ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ 108 ಬಾಕ್ಸ್ ಟೊಮೆಟೊ ಹೊತ್ತು ಹೊರಟ ಪಿಕಪ್ ವಾಹನವು, ದಾರಿಯಲ್ಲಿ ಅಡ್ಡ ಬಂದ ಕುರಿಮಂದೆಯನ್ನು ಕಂಡು ಬ್ರೇಕ್ ಹಾಕಿತು. ಕುರಿಗಳಿಗೆ ಏನೂ ಆಗಲಿಲ್ಲ, ವಾಹನಕ್ಕೂ ಏನೂ ಆಗಲಿಲ್ಲ. ಆದರೆ ಲೋಡಿನ ಮೇಲ್ಭಾಗದಲ್ಲಿದ್ದ ಒಂಬತ್ತು ಬಾಕ್ಸ್‌ಗಳು ಕ್ಯಾಬಿನ್‌ನ ನೆತ್ತಿಯ ಮೇಲೆ ಹಾದು ರಸ್ತೆಗೆ ಬಿದ್ದವು. ಎಲ್ಲಕ್ಕಿಂತ ದೂರ ಹೋದದ್ದು ವಾಹನದ ಮೂತಿಯಿಂದ ನಾಲ್ಕು ಹೆಜ್ಜೆ ಮುಂದೆ ಮಗುಚಿಕೊಂಡಿತ್ತು. ನಾನು ಹಿಂದೆ ಬೈಕಿನಲ್ಲಿ ಬರುತ್ತಿದ್ದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನಾದ ನನಗೆ, ಒಂಬತ್ತನೆಯ ತರಗತಿಯ ಸಂತುಲಿತ (ಒಂದನ್ನೊಂದು ಸರಿದೂಗಿಸುವ) ಮತ್ತು ಅಸಂತುಲಿತ ಬಲಗಳ ಪಾಠವು ಕಣ್ಣೆದುರಿನ ಡಾಂಬರಿನ ಮೇಲೆ ಕೆಂಪಗೆ ಹರಡಿಕೊಂಡಂತೆ ಕಂಡಿತು. ಆ ಒಂದು ಘಟನೆಯನ್ನು ಅಳೆದು, ಲೆಕ್ಕ ಹಾಕಿ, ಮತ್ತೆ ಪರೀಕ್ಷಿಸಿ ನೋಡಿದ ವಿವರ ಇದು.

ಲೋಡನ್ನು ಹೇಗೆ ಜೋಡಿಸಲಾಗಿತ್ತು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಕಾರಣವೆಲ್ಲ ಅಲ್ಲಿಯೇ ಇದೆ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಹಿಡಿಯುವ ಪ್ಲಾಸ್ಟಿಕ್ ಬಾಕ್ಸ್‌ನ ಲೆಕ್ಕದಲ್ಲಿ. ಬಾಕ್ಸ್‌ನ ತೂಕವೂ ಸೇರಿ ಒಂದೊಂದು ಸುಮಾರು 17 ಕಿಲೋ ತೂಗುತ್ತದೆ. ಪಿಕಪ್‌ನ ತೊಟ್ಟಿಯಲ್ಲಿ ಅಗಲಕ್ಕೆ ಮೂರು, ಉದ್ದಕ್ಕೆ ಎಂಟು, ಹೀಗೆ ಒಂದು ವರಸೆಗೆ 24 ಬಾಕ್ಸ್ ಕೂರುತ್ತವೆ. ನಾಲ್ಕು ವರಸೆ ಮುಗಿಯುವಷ್ಟರಲ್ಲಿ ಲೋಡು ಕ್ಯಾಬಿನ್‌ನ ಹಿಂದಿರುವ ಕಬ್ಬಿಣದ ಗಾರ್ಡ್‌ನ ಎತ್ತರಕ್ಕೆ ಬರುತ್ತದೆ. ಅಂದು 96 ಬಾಕ್ಸ್ ತುಂಬಿದ ಮೇಲೂ 12 ಉಳಿದಿದ್ದವು. ಅವುಗಳನ್ನು ಐದನೆಯ ವರಸೆಯಾಗಿ, ಮುಂಭಾಗದಲ್ಲಿ, ಮೂರು ಮೂರರಂತೆ ನಾಲ್ಕು ಸಾಲು ಇಟ್ಟು, ಕೊನೆಯ ಸಾಲಿನ ಮೇಲೆ ಎಡದಿಂದ ಬಲಕ್ಕೆ ಒಂದೇ ಒಂದು ಹಗ್ಗ ಎಳೆದು ಕಟ್ಟಿದ್ದರು. ಅಷ್ಟಕ್ಕೆ ಇನ್ನೊಂದು ಟ್ರಿಪ್ ಬಾಡಿಗೆ ಕೊಡುವುದೇಕೆ ಎಂಬ ಭಾವನವರ ಲೆಕ್ಕವನ್ನು ನಾನು ತಪ್ಪೆನ್ನಲಾರೆ. 2023ರ ಜುಲೈನಲ್ಲಿ ಇದೇ ಮಾರುಕಟ್ಟೆಯಲ್ಲಿ ಬಾಕ್ಸ್ ಒಂದಕ್ಕೆ 2,000 ರೂಪಾಯಿ ದಾಟಿದ್ದನ್ನು ನೋಡಿದ ರೈತ ಒಂದು ಬಾಕ್ಸ್ ಅನ್ನೂ ತೋಟದಲ್ಲಿ ಬಿಟ್ಟು ಬರಲು ಮನಸ್ಸು ಮಾಡುವುದಿಲ್ಲ.

ಬಿದ್ದ ಹಣ್ಣನ್ನು ಆರಿಸುತ್ತಿದ್ದಾಗಲೇ ಎರಡು ವಿವರಣೆಗಳು ಬಂದವು, ಮಾರುಕಟ್ಟೆ ತಲುಪಿದ ಮೇಲೆ ಮೂರನೆಯದು. "ಬ್ರೇಕ್ ಏಟಿಗೆ ಲೋಡು ಮುಂದಕ್ಕೆ ನೂಕ್ತು ಮೇಷ್ಟ್ರೇ, ನಾನೇನು ಮಾಡ್ಲಿ" ಎಂದು ಡ್ರೈವರ್ ಹೇಳಿದ. ಬಾಕ್ಸ್‌ಗಳು ಎಗರಿ ಬಿದ್ದವು, ಮೇಲಿನ ವರಸೆಗೆ ಭಾರ ಸಾಲದಾಯಿತು, ಇನ್ನೊಂದು ವರಸೆ ಇದ್ದಿದ್ದರೆ ಅದುಮಿಕೊಂಡು ಕೂತಿರುತ್ತಿದ್ದವು ಎಂಬುದು ಭಾವನವರ ಮಾತು. ಮೂರನೆಯದನ್ನು ಹೇಳಿದವರು ಮಾರುಕಟ್ಟೆಯಲ್ಲಿ ನಮ್ಮ ಲೋಡು ಇಳಿಸಿದ ಹಿರಿಯ ಹಮಾಲಿಯೊಬ್ಬರು. ನಾಲ್ಕನೆಯ ವರಸೆಯ ಬಾಕ್ಸ್‌ಗಳ ಮೇಲೆ ಕೈಯಾಡಿಸಿ, "ಗುಡ್ಡೆ ತುಂಬಿದ ಬಾಕ್ಸ್ ಮೇಲೆ ಬಾಕ್ಸ್ ಕೂರಲ್ಲಪ್ಪಾ" ಎಂದಷ್ಟೇ ಅಂದರು. ಮೊದಲಿನ ಎರಡು ಮಾತುಗಳು ಭೌತವಿಜ್ಞಾನದ ಪ್ರಕಾರ ತಪ್ಪು. ಮೂರನೆಯದು ಇಡೀ ಪ್ರಕರಣದ ಬೀಗದ ಕೈ.

ಅವರು ಕೈಯಾಡಿಸಿದ ಜಾಗವನ್ನು ನಾನು ಹತ್ತಿರದಿಂದ ನೋಡಿದೆ. ಈ ಬಾಕ್ಸ್‌ಗಳ ತಳವು ಕೆಳಗಿನ ಬಾಕ್ಸ್‌ನ ಅಂಚಿನೊಳಗೆ ಒಂದಿಷ್ಟು ಇಳಿದು ಕೂರುವಂತೆ ಮಾಡಿರುತ್ತಾರೆ. ಹಣ್ಣು ಅಂಚಿನ ಮಟ್ಟಕ್ಕಿದ್ದರೆ ಮೇಲಿನ ಬಾಕ್ಸ್ ಹಾಗೆಯೇ ಕಚ್ಚಿ ಕೂರುತ್ತದೆ. ಆದರೆ ನಮ್ಮ ನಾಲ್ಕನೆಯ ವರಸೆಯನ್ನು ಗುಡ್ಡೆ ಮಾಡಿ ತುಂಬಿದ್ದರು. ಮೇಲಿನ ಬಾಕ್ಸ್ ಅಂಚನ್ನು ಮುಟ್ಟದೆ, ನುಣುಪಾದ, ಮಂಜಿನಲ್ಲಿ ತೇವಗೊಂಡ ಟೊಮೆಟೊಗಳ ಬೆನ್ನ ಮೇಲೆ ಕುಳಿತಿತ್ತು. ಆ ಹಣ್ಣುಗಳ ಸಿಪ್ಪೆ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ, ಹಿಂದಿನಿಂದ ಮುಂದಕ್ಕೆ, ಕೆತ್ತಿಹೋಗಿತ್ತು. ಬಿದ್ದ ಬಾಕ್ಸ್‌ಗಳ ತಳದಲ್ಲಿ ಬೀಜ ಸಹಿತ ರಸದ ಗೆರೆಗಳು ಉದ್ದುದ್ದ ಎಳೆದಿದ್ದವು. ಎಗರಿದ ಬಾಕ್ಸ್ ಹೀಗೆ ಗೆರೆ ಎಳೆಯುವುದಿಲ್ಲ. ಅವು ಎಗರಿರಲಿಲ್ಲ, ಜಾರಿದ್ದವು.

ಜಾರುವುದಕ್ಕೂ ಯಾರಾದರೂ ನೂಕಬೇಕಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಇಲ್ಲಿಯೇ ಎಚ್ಚರ ಬೇಕು. ವಾಹನವು ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುತ್ತಿದ್ದ ಹೊತ್ತನ್ನು ಮೊದಲು ತೆಗೆದುಕೊಳ್ಳೋಣ. ಸ್ಪೀಡೋಮೀಟರ್ ಗಂಟೆಗೆ 36 ಕಿಲೋಮೀಟರ್ ಆಸುಪಾಸಿನಲ್ಲಿತ್ತು, ಅಂದರೆ ಸೆಕೆಂಡಿಗೆ 10 ಮೀಟರ್. ಮೇಲಿನ ಒಂದು ಬಾಕ್ಸ್ ಮೇಲೆ ಆಗ ಎರಡು ಮುಖ್ಯ ಬಲಗಳಿದ್ದವು. ಭೂಮಿಯು ಅದನ್ನು ಕೆಳಕ್ಕೆ ಎಳೆಯುವ ಬಲ ಒಂದು ಕಿಲೋಗೆ 9.8ರಂತೆ 17 ಕಿಲೋಗೆ ಸುಮಾರು 167 ನ್ಯೂಟನ್ (ಬಲವನ್ನು ಅಳೆಯುವ ಮಾನ ನ್ಯೂಟನ್). ಕೆಳಗಿನ ಹಣ್ಣುಗಳು ಅದನ್ನು ಮೇಲಕ್ಕೆ ಒತ್ತಿ ಹಿಡಿದ ಬಲವೂ ಅಷ್ಟೇ. ಎರಡೂ ಸಮ, ದಿಕ್ಕು ವಿರುದ್ಧ, ಆದ್ದರಿಂದ ಫಲಿತ ಬಲ ಸೊನ್ನೆ. ಎದುರುಗಾಳಿಯ ಚಿಕ್ಕದೊಂದು ಒತ್ತನ್ನು ತಳದ ಘರ್ಷಣೆ ಸರಿದೂಗಿಸುತ್ತಿತ್ತು. ಬಾಕ್ಸ್ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಓಡುತ್ತಿತ್ತು, ಆದರೂ ಅದನ್ನು ಮುಂದಕ್ಕೆ ತಳ್ಳುವ ನಿವ್ವಳ ಬಲವೇನೂ ಇರಲಿಲ್ಲ. ಮಕ್ಕಳಿಗೆ ಇದನ್ನು ನಂಬಿಸುವುದು ಪ್ರತಿ ವರ್ಷವೂ ಕಷ್ಟದ ಕೆಲಸ. ಓಡುತ್ತಿರುವ ವಸ್ತುವಿನ ಹಿಂದೆ ಯಾವುದೋ ಬಲ ನೂಕುತ್ತಲೇ ಇರಬೇಕು ಎಂಬ ಅನಿಸಿಕೆ ಮಕ್ಕಳದ್ದು ಮಾತ್ರವಲ್ಲ, ಶತಮಾನಗಳ ಕಾಲ ವಿದ್ವಾಂಸರದ್ದೂ ಆಗಿತ್ತು. ಗೆಲಿಲಿಯೋ ಇಳಿಜಾರು ಹಲಗೆಗಳ ಮೇಲೆ ಗುಂಡು ಉರುಳಿಸಿ ಆ ಅನಿಸಿಕೆಯನ್ನು ಅಲುಗಾಡಿಸಿದ. ನ್ಯೂಟನ್ 1687ರಲ್ಲಿ ಅದಕ್ಕೆ ನಿಯಮದ ರೂಪ ಕೊಟ್ಟ: ಹೊರಗಿನ ಅಸಂತುಲಿತ ಬಲ ಬೀಳುವವರೆಗೆ ನಿಂತದ್ದು ನಿಂತೇ ಇರುತ್ತದೆ, ಚಲಿಸುವುದು ಅದೇ ವೇಗದಲ್ಲಿ ಅದೇ ನೇರಕ್ಕೆ ಚಲಿಸುತ್ತಲೇ ಇರುತ್ತದೆ. ವಾಹನಕ್ಕೆ ಎಂಜಿನ್ ಬೇಕಾದದ್ದು ವೇಗ ಉಳಿಸಿಕೊಳ್ಳಲು ಬಲ ಬೇಕೆಂದಲ್ಲ. ಗಾಳಿ, ಟೈರು, ಬೇರಿಂಗ್‌ಗಳು ಹಿಂದಕ್ಕೆ ಎಳೆಯುವ ಬಲವನ್ನು ಸರಿಗಟ್ಟಿ ಸೊನ್ನೆ ಮಾಡಲು ಅದು ಬೇಕು.

ಈಗ ಬ್ರೇಕ್. ಚಕ್ರಗಳ ತಿರುಗುವಿಕೆ ತಡೆಯಲ್ಪಟ್ಟಾಗ ರಸ್ತೆಯು ಟೈರುಗಳನ್ನು ಹಿಂದಕ್ಕೆ ತಳ್ಳುತ್ತದೆ, ಮತ್ತು ವಾಹನವನ್ನು ನಿಲ್ಲಿಸುವ ಬಲ ಅದೇ. ಲೋಡೂ ಸೇರಿ ಅಂದಾಜು ಮೂರೂವರೆ ಟನ್ ಇದ್ದ ಆ ವಾಹನ ನಿಂತದ್ದು ಎಷ್ಟು ದೂರದಲ್ಲಿ ಎಂಬುದನ್ನು ತಿಳಿಯಲು, ಬ್ರೇಕ್ ತುಳಿದ ಜಾಗವೆಂದು ಡ್ರೈವರ್ ತೋರಿಸಿದ ಹುಣಸೆಮರದ ನೇರದಿಂದ ವಾಹನ ನಿಂತ ಜಾಗದವರೆಗೆ ಟೇಪು ಹಿಡಿದೆವು. ಹನ್ನೆರಡೂವರೆ ಮೀಟರ್ ಬಂತು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ, 100 ಭಾಗಿಸು 25, ಪ್ರತಿ ಸೆಕೆಂಡಿಗೂ ವೇಗವು ಸೆಕೆಂಡಿಗೆ 4 ಮೀಟರ್‌ನಂತೆ ಇಳಿದಿದೆ. ಹತ್ತರಿಂದ ಸೊನ್ನೆಗೆ ಎರಡೂವರೆ ಸೆಕೆಂಡು. ಇದು ಭಯಂಕರ ಬ್ರೇಕೇನೂ ಅಲ್ಲ. ರಸ್ತೆಯ ಮೇಲೆ ಟೈರು ಉಜ್ಜಿದ ಕಪ್ಪು ಗುರುತೂ ಇರಲಿಲ್ಲ.

ಬಾಕ್ಸ್ ಕೂಡ ವಾಹನದ ಜೊತೆಯಲ್ಲೇ ನಿಲ್ಲಬೇಕಾದರೆ ಅದರ ವೇಗವೂ ಇದೇ ದರದಲ್ಲಿ ಇಳಿಯಬೇಕು. ಅದಕ್ಕೆ ಹಿಂದಕ್ಕೆ ತಳ್ಳುವ ಬಲ ಬೇಕು: 17 ಕಿಲೋ ಗುಣಿಸು 4, ಅಂದರೆ 68 ನ್ಯೂಟನ್. ಈ ಬಲ ಎಲ್ಲಿಂದ ಬರಬೇಕು? ಅದು ರಸ್ತೆಯಿಂದ ಟೈರಿಗೆ, ಟೈರಿನಿಂದ ಚಾಸಿಗೆ, ಚಾಸಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಒಂದೊಂದು ವರಸೆಯ ಮೂಲಕ ಮೇಲಕ್ಕೆ, ಸರಪಳಿಯಂತೆ ಕೈಯಿಂದ ಕೈಗೆ ದಾಟಿ ಬರಬೇಕು. ಕೆಳಗಿನ ನಾಲ್ಕು ವರಸೆಗಳಿಗೆ ಅಂಚಿನ ಹಿಡಿತವಲ್ಲದೆ ಮುಂದುಗಡೆ ಗಾರ್ಡ್‌ನ ಆಸರೆಯೂ ಇತ್ತು. ಘರ್ಷಣೆ ಸಾಲದಾದರೂ ಗಾರ್ಡ್ ಅವುಗಳನ್ನು ತಡೆದು ಹಿಂದಕ್ಕೆ ಒತ್ತಿತು. ಗಾರ್ಡ್‌ಗಿಂತ ಎತ್ತರದಲ್ಲಿದ್ದ ಐದನೆಯ ವರಸೆಗೆ ಇದ್ದದ್ದು ಹಣ್ಣಿನ ಬೆನ್ನ ಮೇಲಿನ ಘರ್ಷಣೆ ಮಾತ್ರ. ಸರಪಳಿಯ ಕೊನೆಯ ಕೊಂಡಿ ಅದು, ಕಳಚಿದ್ದೂ ಅದೇ.

ಎಷ್ಟಿತ್ತು ಆ ಘರ್ಷಣೆ? ಇದನ್ನು ಪುಸ್ತಕದಿಂದ ತೆಗೆಯಲಾಗದು, ಅಳೆದೇ ತಿಳಿಯಬೇಕು. ಮರುದಿನ ತೋಟದ ಷೆಡ್ಡಿನಲ್ಲಿ ಉದ್ದನೆಯ ಹಲಗೆಯೊಂದರ ಮೇಲೆ ಗುಡ್ಡೆ ತುಂಬಿದ ಬಾಕ್ಸ್ ಅನ್ನು ಜಾರದಂತೆ ಬಿಗಿದು, ಅದರ ಮೇಲೆ ಇನ್ನೊಂದು ಬಾಕ್ಸ್ ಇಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಮೆಲ್ಲನೆ ಎತ್ತಿದೆವು. ಮೇಲಿನ ಬಾಕ್ಸ್ ಜಾರತೊಡಗುವ ಕ್ಷಣದಲ್ಲಿ, ನೆಲದ ಮೇಲೆ ಅಡ್ಡಕ್ಕೆ 100 ಸೆಂಟಿಮೀಟರ್ ದೂರಕ್ಕೆ ಹಲಗೆ ಎಷ್ಟು ಸೆಂಟಿಮೀಟರ್ ಎದ್ದಿದೆ ಎಂದು ಅಳೆದರೆ ಘರ್ಷಣೆಯ ಗುಣಾಂಕ, ಅಂದರೆ ಗರಿಷ್ಠ ಘರ್ಷಣೆಯು ಒತ್ತುವ ಭಾರದ ಎಷ್ಟು ಪಾಲು ಎಂಬ ಸಂಖ್ಯೆ, ನೇರವಾಗಿ ಸಿಗುತ್ತದೆ. ಐದು ಸಲ ಮಾಡಿದೆವು. 28ರಿಂದ 33 ಸೆಂಟಿಮೀಟರ್ ನಡುವೆ ಜಾರಿತು. ಮಧ್ಯದ ಬೆಲೆಯಾಗಿ 0.30 ಎಂದು ಹಿಡಿದೆ. ಆಮೇಲೆ ಹಣ್ಣನ್ನು ಅಂಚಿನ ಮಟ್ಟಕ್ಕೆ ತೆಗೆದು ಅದೇ ಬಾಕ್ಸ್ ಕೂರಿಸಿದಾಗ, 50 ಸೆಂಟಿಮೀಟರ್ ಎತ್ತಿದರೂ ಅಲುಗಲಿಲ್ಲ. ಅದಕ್ಕೂ ಮೇಲೆ ಎತ್ತಿದರೆ ಬಾಕ್ಸ್ ಮಗುಚೀತೆಂದು ನಿಲ್ಲಿಸಿದೆವು. ಭಾವನವರು ಒಂದೂ ಮಾತಾಡದೆ ಎರಡನೆಯ ಪರೀಕ್ಷೆಯನ್ನು ತಾವೇ ಇನ್ನೊಮ್ಮೆ ಮಾಡಿ ನೋಡಿದರು.

ಗುಣಾಂಕ 0.30 ಆದರೆ, 167 ನ್ಯೂಟನ್ ಭಾರದ ಬಾಕ್ಸ್‌ಗೆ ಹಣ್ಣಿನ ಹಾಸು ಕೊಡಬಲ್ಲ ಗರಿಷ್ಠ ಘರ್ಷಣೆ 50 ನ್ಯೂಟನ್. ಬೇಕಾದದ್ದು 68. ಕೊರತೆ 18. ಇಷ್ಟೇ ಅಂತರಕ್ಕೆ ಬಾಕ್ಸ್ ಜಾರಿತು. ಒಮ್ಮೆ ಜಾರಲಾರಂಭಿಸಿದ ಮೇಲೆ ಘರ್ಷಣೆ ಇನ್ನೂ ಕಡಿಮೆಯಾಗುತ್ತದೆ, ಏಕೆಂದರೆ ನಿಂತ ವಸ್ತುವನ್ನು ಹಿಡಿದಿಡುವ ಘರ್ಷಣೆಗಿಂತ ಜಾರುವ ವಸ್ತುವನ್ನು ತಡೆಯುವ ಘರ್ಷಣೆ ಸಾಮಾನ್ಯವಾಗಿ ಚಿಕ್ಕದು. ಅದನ್ನು 0.25 ಎಂದು ಅಂದಾಜಿಸಿದರೆ, ಒಂದು ಸೆಕೆಂಡಿನ ಕೊನೆಗೆ ವಾಹನದ ವೇಗ ಹತ್ತರಿಂದ ಆರಕ್ಕೆ ಇಳಿದಿರುತ್ತದೆ, ಬಾಕ್ಸ್‌ನ ವೇಗ ಇನ್ನೂ ಏಳೂವರೆ ಇರುತ್ತದೆ, ಮತ್ತು ಬಾಕ್ಸ್ ತಾನಿದ್ದ ಜಾಗದಿಂದ ಮುಕ್ಕಾಲು ಮೀಟರ್‌ಗೂ ತುಸು ಹೆಚ್ಚು ಮುಂದೆ, ಕ್ಯಾಬಿನ್‌ನ ಮೇಲೆ ಬಂದಿರುತ್ತದೆ. ಎರಡು ಸೆಕೆಂಡಿಗೆ ಈ ಅಂತರ ಮೂರು ಮೀಟರ್ ಮುಟ್ಟುತ್ತದೆ, ಅಂದರೆ ಕ್ಯಾಬಿನ್ ದಾಟಿ ಬಾನೆಟ್ಟಿನಿಂದಲೂ ಆಚೆಗೆ. ಕ್ಯಾಬಿನ್‌ನ ತಗಡಿನ ಮೇಲೆ ಘರ್ಷಣೆ ಬೇರೆ ಇರುವುದರಿಂದ ಈ ಕೊನೆಯ ಸಂಖ್ಯೆಯನ್ನು ಅಂದಾಜಾಗಿಯೇ ನೋಡಬೇಕು, ಆದರೂ ಬಾಕ್ಸ್ ಬಿದ್ದಿದ್ದ ಜಾಗಕ್ಕೆ ಅದು ಹೊಂದುತ್ತದೆ.

ಇಡೀ ಲೆಕ್ಕದಲ್ಲಿ ಬಾಕ್ಸ್ ಅನ್ನು ಮುಂದಕ್ಕೆ ನೂಕುವ ಬಲ ಎಲ್ಲಿಯೂ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಬಾಕ್ಸ್ ಮೇಲೆ ನೆಲಕ್ಕೆ ಸಮಾಂತರವಾಗಿ ಬಿದ್ದ ಒಂದೇ ಒಂದು ದೊಡ್ಡ ಬಲ ಘರ್ಷಣೆ, ಅದೂ ಹಿಂದಕ್ಕೆ. ಬಾಕ್ಸ್‌ನ ವೇಗ ಹೆಚ್ಚಲಿಲ್ಲ, ಅದೂ ಇಳಿಯುತ್ತಲೇ ಇತ್ತು. ವಾಹನದಷ್ಟು ಬೇಗ ಇಳಿಯಲಿಲ್ಲ, ಅಷ್ಟೇ. ಕ್ಯಾಬಿನ್‌ನಲ್ಲಿ ಕೂತು ವಾಹನವನ್ನೇ ನೆಲವೆಂದು ಭಾವಿಸಿದವನ ಕಣ್ಣಿಗೆ ಬಾಕ್ಸ್ ಮುಂದಕ್ಕೆ ನುಗ್ಗಿತು. ರಸ್ತೆಬದಿಯಲ್ಲಿ ನಿಂತ ಕುರಿಗಾಹಿಯ ಕಣ್ಣಿಗೆ ವಾಹನ ಬಾಕ್ಸ್‌ನ ಅಡಿಯಿಂದ ಹಿಂದೆ ಉಳಿಯಿತು. ಡ್ರೈವರ್ ಸುಳ್ಳು ಹೇಳಿರಲಿಲ್ಲ, ತಾನು ಕೂತ ಜಾಗದಿಂದ ಕಂಡದ್ದನ್ನು ಹೇಳಿದ್ದ. ಆದರೆ "ನೂಕ್ತು" ಎಂಬ ಮಾತನ್ನು ನಂಬಿದರೆ ಪರಿಹಾರ ಹುಡುಕುವ ದಿಕ್ಕೇ ತಪ್ಪುತ್ತದೆ. ಇಲ್ಲದ ನೂಕನ್ನು ತಡೆಯಲು ಹೊರಡುತ್ತೇವೆ, ಕೊಡಬೇಕಾಗಿದ್ದ ಹಿಡಿತವನ್ನು ಮರೆಯುತ್ತೇವೆ.

ಭಾರ ಹೆಚ್ಚಿದ್ದರೆ ಕೂತಿರುತ್ತಿತ್ತು ಎಂಬ ಭಾವನವರ ಮಾತೂ ಹೀಗೆಯೇ ದಾರಿ ತಪ್ಪಿಸುತ್ತದೆ. ಬಾಕ್ಸ್ 17 ಕಿಲೋ ಬದಲು 34 ಕಿಲೋ ಇದ್ದರೆ ಘರ್ಷಣೆ 50ರಿಂದ 100 ನ್ಯೂಟನ್‌ಗೆ ಏರುತ್ತದೆ, ನಿಜ. ಆದರೆ ಅದನ್ನು ನಿಲ್ಲಿಸಲು ಬೇಕಾದ ಬಲವೂ 68ರಿಂದ 136ಕ್ಕೆ ಏರುತ್ತದೆ. ಎರಡೂ ಒಟ್ಟಿಗೆ ಏರುವುದರಿಂದ ಭಾರವು ಲೆಕ್ಕದಿಂದ ಬಿದ್ದೇ ಹೋಗುತ್ತದೆ. ಹಣ್ಣಿನ ಹಾಸಿನ ಮೇಲೆ ಯಾವ ಬಾಕ್ಸ್ ಆದರೂ, ಪ್ರತಿ ಸೆಕೆಂಡಿಗೂ ವಾಹನದ ವೇಗವು ಸೆಕೆಂಡಿಗೆ ಸುಮಾರು 2.9 ಮೀಟರ್‌ಗಿಂತ ಹೆಚ್ಚು ಇಳಿದರೆ ಜಾರುತ್ತದೆ. ಷೆಡ್ಡಿನಲ್ಲಿ ಅರ್ಧ ತುಂಬಿದ ಬಾಕ್ಸ್ ಇಟ್ಟು ಹಲಗೆ ಎತ್ತಿದಾಗಲೂ ಅದು ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಜಾರಿತು. ಘರ್ಷಣೆಯು ಒತ್ತುವ ಭಾರಕ್ಕೆ ಅನುಪಾತದಲ್ಲಿರುತ್ತದೆ ಎಂದು ಫ್ರಾನ್ಸಿನ ಅಮೊಂತೊಂ 1699ರಲ್ಲಿ ಹೇಳಿದ್ದನ್ನು ಆ ಬಾಕ್ಸ್ ನಮ್ಮೆದುರು ಮತ್ತೊಮ್ಮೆ ಹೇಳಿತು.

ಹಾಗಿದ್ದರೆ ಹನ್ನೆರಡರಲ್ಲಿ ಮೂರು ಏಕೆ ಉಳಿದವು? ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಪಾಠ ಹೇಳಿದ್ದು ಬಿದ್ದ ಒಂಬತ್ತಲ್ಲ, ಉಳಿದ ಮೂರು. ಅವು ಅಡ್ಡ ಹಗ್ಗದ ಅಡಿಯಲ್ಲಿದ್ದ ಕೊನೆಯ ಸಾಲಿನವು. ಹಗ್ಗವನ್ನು ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಕಿಲೋ ತೂಗುಹಾಕಿದಷ್ಟು ಬಿಗಿಯಾಗಿ ಎಳೆದಿದ್ದರೆಂದು ಇಟ್ಟುಕೊಂಡರೆ, ಅದು ಆ ಮೂರನ್ನು ಸುಮಾರು 400 ನ್ಯೂಟನ್‌ನಷ್ಟು ಹೆಚ್ಚಾಗಿ ಕೆಳಕ್ಕೆ ಅದುಮಿತ್ತು. ಮೂರರ ಸ್ವಂತ ಭಾರ 500, ಹಗ್ಗದ ಒತ್ತು 400, ಒಟ್ಟು 900. ಅದರ 0.30 ಭಾಗ 270 ನ್ಯೂಟನ್ ಘರ್ಷಣೆ. ಮೂರನ್ನೂ ನಿಲ್ಲಿಸಲು ಬೇಕಾದದ್ದು 204 ಮಾತ್ರ. ಹಗ್ಗದ ಒತ್ತು ಹೆಚ್ಚಾಗಿ ಬಿದ್ದದ್ದು ಅಂಚಿನ ಎರಡರ ಮೇಲೆ, ನಡುವಿನದು ಅವೆರಡರ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಇದೂ ಭಾರ ಹೇರಿದಂತೆಯೇ ಅಲ್ಲವೇ ಎಂದು ಭಾವ ಕೇಳಿದರು. ಅಲ್ಲ. ಮೇಲೆ ಹೇರಿದ ಬಾಕ್ಸ್ ಅದುಮುವುದರ ಜೊತೆಗೆ ತನ್ನನ್ನೂ ನಿಲ್ಲಿಸೆಂದು ಕೇಳುತ್ತದೆ. ವಾಹನಕ್ಕೇ ಕಟ್ಟಿದ ಹಗ್ಗ ಅದುಮುತ್ತದೆ, ಆದರೆ ಏನನ್ನೂ ಕೇಳುವುದಿಲ್ಲ.

ಇನ್ನೂ ಒಂದು ಲೆಕ್ಕ ನನ್ನನ್ನು ಬಹಳ ಕಾಡಿತು. ಬಾಕ್ಸ್ ಒಂದಕ್ಕೆ ಕೊರತೆ 18 ನ್ಯೂಟನ್. ಹನ್ನೆರಡಕ್ಕೂ ಸೇರಿ 216 ನ್ಯೂಟನ್, ಎಂದರೆ 22 ಕಿಲೋ ತೂಗುಹಾಕಿದಾಗ ಹಗ್ಗದಲ್ಲಿ ಬರುವಷ್ಟು ಎಳೆತ. ಒಂದೂವರೆ ಬಾಕ್ಸ್‌ನ ಭಾರವೂ ಇಲ್ಲ. ಮುಂದಿನ ಸಾಲನ್ನು ಬಳಸಿಕೊಂಡು ಹಿಂದಕ್ಕೆ, ತೊಟ್ಟಿಯ ಬಾಲದ ಕೊಕ್ಕೆಗೆ, ಉದ್ದುದ್ದಕ್ಕೆ ಒಂದು ಹಗ್ಗ ಎಳೆದಿದ್ದರೆ ಹನ್ನೆರಡೂ ಉಳಿಯುತ್ತಿದ್ದವು.

ಅಳತೆ ತಪ್ಪಿದ್ದರೆ ಎಂಬ ಅನುಮಾನ ಇರಬೇಕಾದದ್ದೇ. ಡ್ರೈವರ್ ತೋರಿಸಿದ ಜಾಗ ಒಂದೆರಡು ಮೀಟರ್ ಆಚೀಚೆ ಇರಬಹುದು. ನಿಂತ ದೂರ 15 ಮೀಟರ್ ಎಂದು ಹಿಡಿದರೂ ಇಳಿತದ ದರ 3.3 ಬರುತ್ತದೆ, ಬಾಕ್ಸ್ ಜಾರುತ್ತದೆ. 18 ಮೀಟರ್ ಆಗಿದ್ದರೆ 2.8ಕ್ಕಿಳಿದು, ಬಹುಶಃ ಜಾರುತ್ತಿರಲಿಲ್ಲ. ರಸ್ತೆಯ ಗುಂಡಿಗಳ ವಿಷಯವನ್ನೂ ಬಿಡುವಂತಿಲ್ಲ. ಚಕ್ರ ಗುಂಡಿಗೆ ಇಳಿದ ಕ್ಷಣದಲ್ಲಿ ತೊಟ್ಟಿ ಬಾಕ್ಸ್‌ನ ಅಡಿಯಿಂದ ತುಸು ಕೆಳಗಿಳಿದು, ಒತ್ತು ಕಡಿಮೆಯಾಗಿ, ಘರ್ಷಣೆಯೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಊರಿನಿಂದ ಆ ಹುಣಸೆಮರದವರೆಗಿನ ಕುಲುಕಾಟದಲ್ಲಿ ಬಾಕ್ಸ್‌ಗಳು ಆಗಲೇ ಸಡಿಲಗೊಂಡಿರಬಹುದು. ಅದೇ ದಾರಿಯ ತಿರುವುಗಳಲ್ಲಿ ಅವು ಪಕ್ಕಕ್ಕೆ ಜಾರದೆ ಉಳಿದದ್ದಕ್ಕೆ ಕಾರಣ, ಡ್ರೈವರ್ ತಿರುವಿನಲ್ಲಿ ನಿಧಾನಿಸಿದ್ದು. ಸುಮಾರು 50 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡರೆ ಬಾಕ್ಸ್‌ಗೆ ಬೇಕಾದ ಪಕ್ಕದ ಬಲ ಸುಮಾರು 16 ನ್ಯೂಟನ್ ಮಾತ್ರ, ಅದು ಘರ್ಷಣೆಯ ಶಕ್ತಿಯೊಳಗೇ ಇತ್ತು.

ಮುಂದಿನ ಕಟಾವಿಗೆ ಭಾವನವರು ಮೂರು ಬದಲಾವಣೆ ಮಾಡಿದರು. ಯಾವ ಬಾಕ್ಸ್ ಅನ್ನೂ ಅಂಚಿಗಿಂತ ಮೇಲೆ ತುಂಬಲಿಲ್ಲ. ನಾಲ್ಕು ವರಸೆಗೆ ನಿಲ್ಲಿಸಿದರು. ಅಡ್ಡ ಹಗ್ಗಗಳ ಜೊತೆಗೆ ಉದ್ದಕ್ಕೂ ಒಂದು ಹಗ್ಗ ಬಿತ್ತು. ಉಳಿದ ಬಾಕ್ಸ್‌ಗಳು ಪಕ್ಕದ ತೋಟದವರ ಗಾಡಿಯಲ್ಲಿ ಹೋದವು. ನಾನು ಲೋಡಿನ ಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ನಾಲ್ಕೂ ವರಸೆ ಮುಟ್ಟುವಂತೆ ಸೀಮೆಸುಣ್ಣದಿಂದ ಮೂರು ಕಡೆ ನೆಟ್ಟನೆಯ ಗೆರೆ ಎಳೆದೆ. ಹುಣಸೆಮರದ ಹತ್ತಿರ, ಹಿಂದೆ ಮುಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಡ್ರೈವರ್ ಅದೇ ವೇಗದಲ್ಲಿ ಬಂದು ಅಷ್ಟೇ ದೂರದಲ್ಲಿ ನಿಲ್ಲಿಸಿದ. ಮಾರುಕಟ್ಟೆಯಲ್ಲಿ ಮಂಡಿಯ ಮುಂದೆ ಹಗ್ಗ ಬಿಚ್ಚುವ ಮೊದಲು ಮೂವರೂ ಸೇರಿ ಗೆರೆಗಳನ್ನು ನೋಡಿದೆವು. ಹಿಂದಿನ ಎರಡು ಗೆರೆ ನೆಟ್ಟಗೇ ಇದ್ದವು. ಮುಂದಿನದು ಮೇಲಿನ ವರಸೆಯಲ್ಲಿ ಅರ್ಧ ಬೆರಳಿನಷ್ಟು ಮುಂದಕ್ಕೆ ಸರಿದಿತ್ತು. ಬಾಕ್ಸ್ ಮತ್ತು ಗಾರ್ಡ್ ನಡುವೆ ಅಷ್ಟೇ ಸಂದು ಉಳಿದಿತ್ತೆಂದು ಡ್ರೈವರ್ ಬೆರಳು ತೂರಿಸಿ ತೋರಿಸಿದ. ಅದರ ಮುಂದಿನ ಲೋಡಿಗೆ ಅವನೇ ಆ ಸಂದಿನಲ್ಲಿ ಹಳೆಯ ಗೋಣಿಚೀಲವೊಂದನ್ನು ಮಡಿಸಿ ತುರುಕಿದ.